ಏಳು ಗುಡಾಣ ಉಕ್ಕು

ಸೂರಗೊಂಡನಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು, ಸಂತೆಮಾಳ ದಾಟಿ ಪಡುವಣಕ್ಕೆ ಒಂದು ಮೈಲಿ ನಡೆದರೆ ಕಪ್ಪನೆಯ ಒಂಟಿ ಬಂಡೆಯೊಂದು ಎದುರಾಗುತ್ತದೆ. ಅದರ ಬುಡದಲ್ಲಿ ಆರು ವರ್ಷದಿಂದ ಒಂದು ಸಣ್ಣ ಬಿಯರ್ ಕಾರ್ಖಾನೆ ನಡೆಯುತ್ತಿದೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಹುಣಸೆಹಣ್ಣಿನ ಹಳೆಯ ಗೋದಾಮಿಗೆ ಹೊಸ ತಗಡು ಹೊದಿಸಿ, ಒಳಗೆ ನಾಲ್ಕು ಟ್ಯಾಂಕು ನಿಲ್ಲಿಸಿದ್ದಾರೆ, ಅಷ್ಟೇ. ಭಾನುವಾರಗಳಲ್ಲಿ ದೂರದೂರದಿಂದ ಕಾರುಗಳು ಬರುತ್ತವೆ. ಬಂದವರನ್ನು ಬೆಂಚಿನ ಮೇಲೆ ಕೂರಿಸಿ, ಮರದ ಹಲಗೆಯಲ್ಲಿ ನಾಲ್ಕು ಪುಟ್ಟ ಗ್ಲಾಸುಗಳನ್ನು ಸಾಲಾಗಿ ತಂದಿಡುತ್ತಾರೆ: ಗೋಧಿಯದು, ರಾಗಿಯದು, ಹುಣಸೆ ಹಾಕಿದ್ದು, ಕೊನೆಗೆ ಕಪ್ಪನೆಯದು. ಕಪ್ಪನೆಯದಕ್ಕೆ ‘ಸ್ಟೀಲ್ ರಾಕ್’ ಎಂದು ಹೆಸರು. ಹೊರಗಿನ ಫಲಕದ ಮೇಲೂ ಅದೇ ಹೆಸರು, ಪಕ್ಕದಲ್ಲಿ ಸುತ್ತಿಗೆಯ ಚಿತ್ರ. ಯಜಮಾನರಾದ ಪ್ರಭಂಜನ ಅವರು ಹೊರ ಊರಿನವರು. ಬಂಡೆಯ ಹೆಸರೇನೆಂದು ಕೇಳಿದಾಗ ಊರವರು ‘ಉಕ್ಕಿನಬಂಡೆ’ ಎಂದರು, ಉಕ್ಕೆಂದರೆ ಸ್ಟೀಲೇ ತಾನೇ ಎಂದು ಅವರು ಬರೆಸಿಬಿಟ್ಟರು. ಅವರಿಗಿಂತ ಮುಂಚೆ ಕಲ್ಲು ಮಣ್ಣು ಪರೀಕ್ಷಿಸುವ ಪಂಡಿತರೊಬ್ಬರು ಬಂದು, ಎರಡು ದಿನ ಬಂಡೆಯನ್ನು ಕುಟ್ಟಿ ಕೆರೆದು ನೋಡಿ, ಇದರಲ್ಲಿ ಒಂದು ಮೊಳೆಗೆ ಆಗುವಷ್ಟು ಕಬ್ಬಿಣವೂ ಇಲ್ಲವೆಂದು ತಲೆ ಕೆರೆದುಕೊಂಡು ಹೋದರಂತೆ. ಊರಿನ ಹಿರಿಯರನ್ನು ಕೇಳಿದರೆ “ಹೌದು, ಉಕ್ಕಿನಬಂಡೆ” ಎಂದು ಹೇಳಿ, ಮಳೆ ಬೆಳೆಯ ಮಾತಿಗೆ ತಿರುಗಿಬಿಡುತ್ತಾರೆ.

ಬಂಡೆಗೆ ಮೊದಲು ಕರೇಕಲ್ಲು ಎಂದಷ್ಟೇ ಹೆಸರಿತ್ತು ಎನ್ನುತ್ತಾರೆ. ಹಿಂದೆ ಒಮ್ಮೆ, ಪಾಳೆಯಪಟ್ಟುಗಳ ಕಾಲದಲ್ಲಿ, ಪೇಟೆಯ ಸುತ್ತ ಒಂದು ಮಣ್ಣಿನ ಕೋಟೆಯಿತ್ತು. ಕೋಟೆಯ ಒಡೆಯ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಒಡೆಯನಿಲ್ಲದ ಮೇಲೆ ಕಾವಲಿನ ಆಳುಗಳು ಹೊಟ್ಟೆಪಾಡು ಹುಡುಕಿಕೊಂಡು ಒಬ್ಬೊಬ್ಬರಾಗಿ ಜಾಗ ಬಿಟ್ಟಿದ್ದರು. ಉಳಿದವರು ಮಗ್ಗದವರು, ಗಾಣದವರು, ಒಂದಿಷ್ಟು ಒಕ್ಕಲು ಮಂದಿ. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವುದು ತಡವೇ? ಬಡಗಣ ಸೀಮೆಯ ಓಬರಸ ನಾಯಕ ಮುನ್ನೂರು ಮಂದಿಯ ದಂಡು ಕಟ್ಟಿಕೊಂಡು ಬಂದು, ಎರಡು ಹರದಾರಿ ಆಚೆಯ ಗುಡ್ಡದ ಮರೆಯಲ್ಲಿ ಬೀಡುಬಿಟ್ಟ. ಆದರೆ ಅವನು ಹುಂಬನಲ್ಲ. ಪೇಟೆಯವರು ಎಲ್ಲಿಂದಲೋ ಆಯುಧ ತರಿಸುತ್ತಿದ್ದಾರೆಂಬ ಗಾಳಿಮಾತು ಅವನ ಕಿವಿಗೂ ಬಿದ್ದಿತ್ತು. ಬರಿಗೈ ಊರಾದರೆ ಮರುದಿನ ಬೆಳಗ್ಗೆ ಏಣಿ ಹಾಕುವುದು, ಆಯುಧವಿದ್ದರೆ ದಂಡನ್ನು ಹಾಳುಮಾಡಿಕೊಳ್ಳದೆ ಹಿಂದಿರುಗುವುದು ಎಂದು ತೀರ್ಮಾನಿಸಿ, ನಿಜ ತಿಳಿದು ಬರಲು ತನ್ನ ಬೇಹಿನ ಆಳು ಮಾಚೋಜನನ್ನು ಕಳಿಸಿದ.

ಮಾಚೋಜ ಕಮ್ಮಾರರ ಮನೆಯವನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನೆಂದು ಅವನ ತಂದೆ ಬೈಯುತ್ತಿದ್ದನಂತೆ. ಕುಲುಮೆಯ ಮುಂದೆ ಕೂರಿಸಿದರೆ ಕಬ್ಬಿಣ ಕಾಯುವಷ್ಟರಲ್ಲಿ ಮೂರು ಸಲ ಎದ್ದು ಹೊರಗೆ ಹೋಗಿ ಬರುವವನು. ಅಂಥವನು ಕಮ್ಮಾರಿಕೆಗೆ ಆಗಲಿಲ್ಲ, ಬೇಹಿಗೆ ಒದಗಿದ. ಆದರೆ ಮನೆತನದ ಒಂದು ನಡೆಯನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಕಾದ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೈಯಿಟ್ಟು ಸುಳ್ಳಾಡಿದರೆ ಆ ಮನೆಯ ಕುಲುಮೆ ಮತ್ತೆ ಹೊತ್ತುವುದಿಲ್ಲವೆಂದು ಅವನ ಕುಲದವರ ನಂಬಿಕೆ. ಇದನ್ನು ತಿಳಿದೇ ನಾಯಕ ಹೋದಲ್ಲೆಲ್ಲ ಒಂದು ಅಡಿಗಲ್ಲು ಹೊರಿಸಿಕೊಂಡು ಹೋಗುತ್ತಿದ್ದ. ಮಾಚೋಜನ ಸುದ್ದಿಯನ್ನೆಲ್ಲ ಅದರ ಮೇಲೆ ಕೈಯಿಡಿಸಿಯೇ ಕೇಳುತ್ತಿದ್ದ. ಕಣ್ಣಾರೆ ಕಂಡದ್ದಷ್ಟೇ ಸುದ್ದಿ, ಕೇಳಿದ್ದಕ್ಕೆ ಬೆಲೆಯಿಲ್ಲ.

ಆ ದಿನ ಮಾಚೋಜನ ಎದೆ ಕುದಿಯುತ್ತಿದ್ದುದಕ್ಕೆ ಬೇರೆಯೇ ಕಾರಣವಿತ್ತು. ಮೊದಲನೆಯ ಏಣಿಯನ್ನು ಮೊದಲು ಹತ್ತುವವನೆಂದು ನಾಯಕ ಆರಿಸಿದ್ದು ಮಾಚೋಜನ ತಮ್ಮ ಸಿಂಗೋಜನನ್ನು. ತಾಯಿ ಸತ್ತಾಗ ಸಿಂಗೋಜ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವನು ಈ ಅಣ್ಣ. ಈಗ ಇಪ್ಪತ್ತೆರಡರ ತಮ್ಮ ಏಣಿಯ ಗೌರವ ಸಿಕ್ಕಿತೆಂದು ಬೀಗುತ್ತಿದ್ದರೆ, ಅಣ್ಣ ರಾತ್ರಿಯೆಲ್ಲ ಮಲಗದೆ ಬೀಡು ಸುತ್ತಿದ್ದ. ಗೋಡೆಯ ಮೇಲೆ ಒಂದೇ ಒಂದು ಒಳ್ಳೆಯ ಕತ್ತಿಯಿದ್ದರೂ ಅದು ಮೊದಲು ಬೀಳುವುದು ಮೊದಲು ಮೇಲೇರಿದ ತಲೆಯ ಮೇಲೆ. ಕತ್ತಿ ಮಾಡುವವರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಉಪ್ಪಿನ ವ್ಯಾಪಾರಿಯ ವೇಷದಲ್ಲಿ ಅವನು ಪೇಟೆಗೆ ಬಂದಾಗ ಬಿಸಿಲೇರಿತ್ತು. ಕೋಟೆಯ ಬಾಗಿಲು ತೆರೆದೇ ಇತ್ತು. ಕಾವಲಿಗೆಂದು ಕೂತಿದ್ದ ಮುದುಕ ತೂಕಡಿಸುತ್ತಿದ್ದ. ನಾಲ್ಕು ಬೀದಿ ಸುತ್ತಿದರೂ ಒಂದು ಈಟಿ ಕಾಣಲಿಲ್ಲ. ಆದರೆ ಜನರ ಮುಖದಲ್ಲಿ ಏನೋ ಸಡಗರವಿತ್ತು. ದಂಡು ಹತ್ತಿರ ಬಂದಿರುವ ಸುದ್ದಿ ತಿಳಿದೂ ಹೆದರದ ಊರೆಂದರೆ ಎಲ್ಲೋ ಏನೋ ಬಚ್ಚಿಟ್ಟಿದೆ ಎಂದೇ ಅರ್ಥವೆಂದುಕೊಂಡ ಮಾಚೋಜ. ಮಾತು ಸಿಗಬೇಕಾದರೆ ಜನ ಸೇರಬೇಕು, ಜನ ಸೇರುವುದು ಹೆಂಡದ ಮನೆಯಲ್ಲಿ ಎಂದು ಲೆಕ್ಕ ಹಾಕಿ, ಕರೇಕಲ್ಲಿನ ಬುಡದಲ್ಲಿದ್ದ ದೇವೀರಕ್ಕನ ಗುಡಿಸಲಿಗೆ ಬಂದ.

ದೇವೀರಕ್ಕ ಐವತ್ತು ದಾಟಿದ ಹೆಂಗಸು. ರಾಗಿಯನ್ನು ಮೊಳಕೆ ಬರಿಸಿ, ಹುರಿದು, ಬೀಸಿ, ದೊಡ್ಡ ಮಣ್ಣಿನ ಗುಡಾಣಗಳಲ್ಲಿ ಹುದುಗಿಗೆ ಇಟ್ಟು ಅವಳು ಕಾಯಿಸುತ್ತಿದ್ದ ರಾಗಿಹೆಂಡಕ್ಕೆ ಸುತ್ತ ಏಳು ಹಳ್ಳಿಯಲ್ಲಿ ಹೆಸರಿತ್ತು. ಬಂಡೆಯ ಕೆಳಗಿನ ತಂಪಾದ ಗವಿಯೇ ಅವಳ ಉಗ್ರಾಣ. ಗವಿಯ ಬಾಯಿಗೆ ಸದಾ ಒಂದು ಈಚಲು ಚಾಪೆ ತೂಗುತ್ತಿತ್ತು. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಹೊಸದಾಗಿ ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಮೂರು ಬಟ್ಟಲು ರುಚಿ ತೋರಿಸಬೇಕು. ಮೊದಲನೆಯದು ಒಂದು ದಿನದ ಎಳೆಯದು, ಎರಡನೆಯದು ಮೂರು ದಿನದ್ದು, ಮೂರನೆಯದು ಪೂರಾ ಹದಕ್ಕೆ ಬಂದದ್ದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಬಿಡಬೇಕು. ಮೂರನ್ನೂ ಕುಡಿಯದೆ ಎದ್ದರೆ ಆ ಮನೆಯ ಹೆಂಡವನ್ನು ಬೈದ ಹಾಗೆ. ಇಂಥ ಕಟ್ಟಳೆಯ ಮನೆಗೆ ಇಂಥ ಕಾಲಿನವನು ಬಂದು ಸಿಕ್ಕಿಕೊಂಡ.

ಮೊದಲ ಬಟ್ಟಲು ಬಂತು. ಮಾಚೋಜ ಒಂದೇ ಗುಕ್ಕಿಗೆ ಸುರಿದುಕೊಂಡು ಎದ್ದು ನಿಂತ. ಅಂಬಲಿಗಿಂತ ತುಸು ಸಿಹಿ, ಹುರಿದ ರಾಗಿಯ ವಾಸನೆ, ಇಷ್ಟೇ ಅವನಿಗೆ ತಿಳಿದದ್ದು.

“ಕೂತ್ಕೊ ತಮ್ಮಾ,” ಎಂದಳು ದೇವೀರಕ್ಕ.

“ಹೊತ್ತಾಗ್ತದ ಅಕ್ಕಾ.”

“ಹೊತ್ತು ಅದರ ಪಾಡಿಗೆ ಅದು ಆಯ್ತದೆ. ಅದಕ್ಕೆ ನಿನ್ನ ಸಹಾಯ ಬ್ಯಾಡ, ಕೂತ್ಕೊ.”

ಅವನು ಕೂತ. ಕೂತರೂ ಮೊಣಕಾಲು ಕುಣಿಯುತ್ತಿತ್ತು. ಅಷ್ಟರಲ್ಲಿ ಮಗ್ಗದ ಬೀದಿಯ ಹೆಂಗಸೊಬ್ಬಳು ಬೇಲಿಯ ಆಚೆಯಿಂದಲೇ ಕೂಗಿದಳು: “ದೇವೀರಕ್ಕಾ, ಉಕ್ಕು ಬಂತಾ?”

“ಇನ್ನೂ ಇಲ್ಲ ಕಣವ್ವ. ಹೊತ್ತು ಇಳಿಯೋದ್ರೊಳಗೆ ಬತ್ತದೆ.”

“ಎಷ್ಟು?”

“ಏಳು ಗುಡಾಣ.”

“ಹಂಗಾದ್ರೆ ಮನೆಮನೆಗೂ ಸಿಕ್ತದೆ ಬುಡು,” ಎನ್ನುತ್ತ ಅವಳು ಹೊರಟುಹೋದಳು.

ಹುದುಗು ಬಂದ ಹೆಂಡ ಗುಡಾಣದ ಕಂಠ ಮೀರಿ ನೊರೆಯಾಗಿ ಮೇಲೇಳುವುದನ್ನು ಈ ಸೀಮೆಯ ಹೆಂಡದವರು ‘ಉಕ್ಕು ಬಂತು’ ಎನ್ನುತ್ತಾರೆ. ಮಾಚೋಜನ ಸೀಮೆಯಲ್ಲಿ ಅದಕ್ಕೆ ಬುರುಗು ಎಂದು ಹೆಸರು. ಅವನೇನು ಹಾಲು ಉಕ್ಕುವುದನ್ನು ಕಾಣದವನಲ್ಲ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಕಮ್ಮಾರನ ಕಿವಿಗೆ ಬಿದ್ದ ಉಕ್ಕೆಲ್ಲ ಕತ್ತಿಯ ಉಕ್ಕೇ. ಕುಲುಮೆಯವರ ಮನೆಯಲ್ಲಿ ಹೆಂಡ ಕಾಯಿಸುವುದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಒಂದು ಗುಡಾಣಕ್ಕೆ ನಲವತ್ತು ಅಲಗೆಂದರೂ ಏಳು ಗುಡಾಣಕ್ಕೆ ಎಷ್ಟಾಯಿತು ಎಂದು ಅವನ ಮನಸ್ಸು ಗುಣಿಸತೊಡಗಿತು. ಮನೆಮನೆಗೂ ಹಂಚುತ್ತಾರಂತೆ. ಏಣಿಯ ತುದಿಯಲ್ಲಿ ನಗುತ್ತ ತಲೆಯೆತ್ತುವ ಸಿಂಗೋಜನ ಮುಖ ಕಣ್ಣ ಮುಂದೆ ಬಂದು, ಅವನು ಮತ್ತೆ ಎದ್ದು ನಿಂತ.

ಎರಡನೆಯ ಬಟ್ಟಲು ಕೈಗೆ ಬಂತು. ಹುಳಿ ಚುರುಕಾಗಿ ನಾಲಿಗೆಗೆ ತಾಗಿ, ಹಿಂದೆಯೇ ಒದ್ದೆ ಮಣ್ಣಿನ ಘಮ ಮೂಗಿಗೇರಿತು. ಬೇರೆ ದಿನವಾಗಿದ್ದರೆ ಅವನಿಗೂ ಅದು ಹಿಡಿಸುತ್ತಿತ್ತೇನೋ. ಆ ಹೊತ್ತಿಗೆ ಕೋಲೂರಿಕೊಂಡು ಬಂದ ಮುದುಕನೊಬ್ಬ ಜಗಲಿಯ ಅಂಚಿಗೆ ಕೂತು, “ಈ ಸಲದ್ದು ಹೆಂಗೈತವ್ವಾ?” ಎಂದು ಕೇಳಿದ.

“ಒಂದೇ ಏಟಿಗೆ ನೆಲ ಹಿಡಿಸ್ತದೆ ಕಣಜ್ಜ.”

“ನನ್ನ ಕೈಗೂ ಒಂದು ಕೊಡು ಮತ್ತೆ. ಸಾಯೋದ್ರೊಳಗೆ ನಾನೂ ಒಂದು ಕೈ ನೋಡ್ಬುಡ್ತೀನಿ.”

ಹಲ್ಲಿಲ್ಲದ ಮುದುಕನೂ ಕತ್ತಿ ಹಿಡಿಯಲು ಹೊರಟಿದ್ದಾನೆಂದುಕೊಂಡ ಮಾಚೋಜ. ಓಡಿಹೋಗಿ ನಾಯಕನಿಗೆ ಹೇಳಿಬಿಡೋಣವೆಂದರೆ ಇದೆಲ್ಲ ಕಿವಿಯಲ್ಲಿ ಕೇಳಿದ್ದು, ಅಡಿಗಲ್ಲಿನ ಮುಂದೆ ನಡೆಯದು. ಕಣ್ಣಾರೆ ಕಾಣಬೇಕು. ಕಾಣಬೇಕಾದರೆ ಉಕ್ಕು ಬರುವವರೆಗೂ ಕಾಯಬೇಕು. ಕಾಯುವುದೊಂದನ್ನು ಬಿಟ್ಟು ಬೇರೇನು ಹೇಳಿದರೂ ಮಾಡಬಲ್ಲ ಮನುಷ್ಯ ಅವನು. ಸುಮ್ಮನೆ ಅಡ್ಡಾಡುವವನಂತೆ ಗವಿಯ ಕಡೆಗೆ ಎರಡು ಹೆಜ್ಜೆ ಹಾಕಿದ. ದೇವೀರಕ್ಕ ಮೊರವನ್ನು ಕೆಳಗಿಟ್ಟು, ಉಕ್ಕು ಬರುವ ತನಕ ಹೊಸಬರ ಕಣ್ಣು ಅಲ್ಲಿ ಬೀಳಕೂಡದೆಂದು ಅವನನ್ನು ತಿರುಗಿ ಜಗಲಿಗೆ ಕರೆತಂದಳು. ಅವನ ಗುಮಾನಿಗೆ ಇನ್ನೇನು ಸಾಕ್ಷಿ ಬೇಕಿತ್ತು?

“ನಿನ್ನ ಕಾಲು ನಿನಗಿಂತ ಮುಂಚೆ ಊರು ಸೇರ್ಕೊಂಡಂಗೈತೆ,” ಎಂದು ಅವಳು ನಕ್ಕಳು. “ಮನೇಲಿ ಯಾರವ್ರೆ?”

“ತಮ್ಮ ಒಬ್ಬ ಅದಾನ.” ಬೇಹಿಗೆ ಬಂದವನು ನಿಜ ಹೇಳಬಾರದು, ಆದರೆ ಬಾಯಿಂದ ಜಾರಿಬಿಟ್ಟಿತ್ತು.

“ಸಣ್ಣೋನಾ?”

“ನನಗ ಸಣ್ಣೋನೇ.”

ಅವಳು ಮತ್ತೆ ಮೊರ ಎತ್ತಿಕೊಂಡಳು. ಇವನು ಉಪ್ಪಿನವನಲ್ಲ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು ಎಂದು ಕೆಲವರು ಹೇಳುತ್ತಾರೆ. ಹೆಂಡ ಮಾರುವವರು ಎದುರಿಗೆ ಕೂತವನ ಮುಖ ಓದಬಲ್ಲರು, ಓದಿದ್ದನ್ನು ಹೊರಗೆ ಹಾಕುವುದಿಲ್ಲ ಎಂದು ಮಾತ್ರ ಹೇಳಬಹುದು.

ನೆರಳು ಜಗಲಿಯ ಅಂಚಿಗೆ ಬಂತು. ಮಾಚೋಜ ಕೂತ, ಎದ್ದ, ಉಪ್ಪಿನ ಚೀಲವನ್ನು ಬಿಚ್ಚಿ ಮತ್ತೆ ಕಟ್ಟಿದ, ಮುದುಕನ ಕೋಲನ್ನು ಸುಮ್ಮಸುಮ್ಮನೆ ಆಚೆಯಿಂದ ಈಚೆಗೆ ಒರಗಿಸಿದ. ಹೊತ್ತು ಮುಳುಗುವುದರೊಳಗೆ ಬೀಡು ಸೇರದಿದ್ದರೆ ನಾಯಕ ಅವನು ಸಿಕ್ಕಿಬಿದ್ದನೆಂದೇ ತಿಳಿದು, ಏನಾದರಾಗಲಿ ಎಂದು ಬೆಳಗ್ಗೆ ಏಣಿ ಹಾಕಿಸುತ್ತಾನೆ. ಕೊನೆಗೆ ದೇವೀರಕ್ಕ ಎದ್ದು ಹೋಗಿ ಚಾಪೆಗೆ ಕಿವಿಗೊಟ್ಟಳು. ಅವಳ ಮುಖ ಅರಳಿತು. ಸೆರಗು ಸಿಕ್ಕಿಸಿಕೊಂಡು ಬಂಡೆಯ ಮೇಲೆ ಸರಸರನೆ ಏರಿ, ಎರಡು ಕೈಯನ್ನೂ ಬಾಯಿಗಿಟ್ಟು, “ಉಕ್ಕು ಬಂತೂ” ಎಂದು ಉದ್ದಕ್ಕೆ ಕೂಗಿದಳು. ನಾಲ್ಕು ಬೀದಿಯಿಂದಲೂ ಓಗೊಡುವ ದನಿ ಕೇಳಿತು.

ಮಾಚೋಜ ಜಿಗಿದೆದ್ದ ರಭಸಕ್ಕೆ ಬಟ್ಟಲು ಉರುಳಿತು. ಸೊಂಟದಲ್ಲಿ ಅಡಗಿಸಿದ್ದ ಬಾಕಿನ ಮೇಲೆ ಕೈಯಿಟ್ಟು ಗವಿಯತ್ತ ಓಡಿದ. ಎದುರಿಗೆ ಜನ ಬರುತ್ತಿದ್ದರು. ಅವರ ಕೈಯಲ್ಲಿ ಮಡಕೆ, ಸೋರೆ ಬುರುಡೆ, ಕರಟದ ಬಟ್ಟಲು. ಇಬ್ಬರು ಹೆಂಗಸರು ಚಾಪೆ ಎತ್ತಿದರು. ಒಳಗೆ ಸಾಲಾಗಿ ಏಳು ಗುಡಾಣ. ಏಳರ ಬಾಯಿಂದಲೂ ನೊರೆ ಮೇಲೆದ್ದು, ಕಂಠ ತುಂಬಿ, ಹೊಟ್ಟೆಯ ಮೇಲೆ ಇಳಿದು, ನೆಲದ ಕಾಲುವೆಯಲ್ಲಿ ಹರಿದು ಬರುತ್ತಿತ್ತು. ಅವನು ಗುಡಾಣಗಳ ಹಿಂದೆ ನೋಡಿದ, ಗವಿಯ ಮೂಲೆ ತಡಕಿದ. ಕಬ್ಬಿಣವೆಂದರೆ ಮೂಲೆಯಲ್ಲಿದ್ದ ಒಂದು ತುಕ್ಕು ಹಿಡಿದ ಸೌಟು.

“ಉಕ್ಕು ಅಂದ್ರ ಇದಾ?” ಎಂದ.

“ಇನ್ಯಾವ್ದಪ್ಪ?” ಎಂದಳು ದೇವೀರಕ್ಕ.

ಅವನಿಗೆ ಮೊದಲು ಬಂದದ್ದು ಸಂತೋಷವೇ. ಅಲ್ಲೇ ಗವಿಯ ಬಾಯಲ್ಲಿ ಕೂತುಬಿಟ್ಟ. ಇಡೀ ಊರು ಬರಿಗೈ. ಸಿಂಗೋಜ ಬದುಕಿದ. ನಾಳೆ ಅವನು ಏಣಿ ಹತ್ತಿ, ಯಾರ ಅಡ್ಡಿಯೂ ಇಲ್ಲದೆ ಒಳಗೆ ಇಳಿಯುತ್ತಾನೆ, ನಾಯಕನ ಕೈಯಿಂದ ಕಡಗ ಹಾಕಿಸಿಕೊಳ್ಳುತ್ತಾನೆ. ಅಣ್ಣನಾದವನಿಗೆ ಇನ್ನೇನು ಬೇಕು? ಸುತ್ತ ಜನ ನಗುತ್ತ, ನೂಕಾಡುತ್ತ ಮಡಕೆ ಒಡ್ಡುತ್ತಿದ್ದರು. ಆ ಮುದುಕ ಎಲ್ಲರಿಗಿಂತ ಮುಂದೆ ನಿಂತಿದ್ದ. ಇವರಲ್ಲಿ ಯಾರ್‍ಯಾರು ನಾಳೆ ಈ ಹೊತ್ತಿಗೆ ಇರುತ್ತಾರೆ ಎಂಬ ಮಾತು ಕರೆಯದೆ ಬಂದು ಅವನ ಮನಸ್ಸಿನಲ್ಲಿ ಕೂತಿತು. ಬೇಡವೆಂದರೂ ಕೇಳಿಬಿಟ್ಟ: “ದಂಡು ಬಂದೈತಂತಲ್ಲ ಅಕ್ಕಾ. ಬಂದ್ರ ಏನ ಮಾಡ್ತೀರಿ?”

“ಏನ್ ಮಾಡಾದು? ನಮ್ಮ ಕೈಲಿ ಏನೈತೆ? ಅದಕ್ಕೇ ಏಳು ಗುಡಾಣ ಇಟ್ಟಿದ್ದು. ಬಾಗ್ಲು ತೆಗೆದಿಡಾದು, ಬಂದೋರಿಗೆ ಒಂದೊಂದು ಬಟ್ಟಲು ಕೊಡಾದು ಅಂತ ಊರೋರೆಲ್ಲ ಮಾತಾಡ್ಕೊಂಡವ್ರೆ. ಕುಡುದ್ ಮ್ಯಾಲೂ ಕಡೀಬೇಕು ಅನ್ನಿಸಿದ್ರೆ ಕಡೀಲಿ.” ಅವಳು ನೊರೆಯನ್ನು ಪಕ್ಕಕ್ಕೆ ಸರಿಸಿ ಒಂದು ಬಟ್ಟಲು ತುಂಬಿ ಬೇರೆಯಾಗಿ ಇಟ್ಟಳು. “ಮೊದಲನೇದು, ಬಾಗ್ಲಿಂದ್ಲೋ ಏಣಿ ಹತ್ತೋ ಯಾವನು ಮುಂದಾಗಿ ಬತ್ತಾನೋ ಅವನಿಗೆ. ಯಾರ ಮನೆ ಮಗನೋ ಪಾಪ, ಬಾಯಾರಿರ್ತಾನೆ.”

ಮಾಚೋಜ ಆ ಬಟ್ಟಲನ್ನು ನೋಡಿದ. ನೋಡಿದವನು ಮತ್ತೆ ತಲೆಯೆತ್ತಲಿಲ್ಲ. ಅವಳು ಅವನ ಪಾಲಿನ ಮೂರನೆಯ ಬಟ್ಟಲನ್ನು ತುಂಬಿ ತಿರುಗುವಷ್ಟರಲ್ಲಿ ಅವನು ಬೇಲಿ ದಾಟಿದ್ದ. ಉಪ್ಪಿನ ಚೀಲ ಜಗಲಿಯ ಮೇಲೆಯೇ ಉಳಿದಿತ್ತು.

ಎರಡು ಹರದಾರಿ ದಾರಿಯನ್ನು ಅವನು ಹೇಗೆ ಮುಗಿಸಿದನೋ ಅವನಿಗೇ ತಿಳಿಯಲಿಲ್ಲ ಎನ್ನುತ್ತಾರೆ. ನಿಜ ಹೇಳಿದರೆ ತಮ್ಮನಿಗೆ ಕಡಗ, ತನಗೆ ಇನಾಮಿನ ಹೊಲ, ಆ ಊರಿಗೆ ಬೆಂಕಿ. ಸುಳ್ಳು ಹೇಳಿದರೆ ಕುಲುಮೆ ಆರುತ್ತದೆ. ನಾಲ್ಕು ಹೆಜ್ಜೆ ಓಡಿ ಒಂದು ಹೆಜ್ಜೆ ನಿಲ್ಲುತ್ತ, ತನ್ನಷ್ಟಕ್ಕೆ ತಾನೇ ಏನೇನೋ ಗೊಣಗುತ್ತ ಹೋದ. ಗುಡ್ಡದ ಮೂಲೆ ತಿರುಗುವಾಗ ಇದ್ದಕ್ಕಿದ್ದಂತೆ ನಿಂತು ನಕ್ಕನಂತೆ. ತಾನು ಬೆಳಗಿನಿಂದ ಮೋಸಹೋದ ಮಾತೇ ತನ್ನ ಕೈಯಲ್ಲಿ ಬಂದು ಕೂತಿದೆಯೆಂಬುದು ಅವನಿಗೆ ಹೊಳೆದದ್ದು ಅಲ್ಲೇ.

ಹೊತ್ತು ಮುಳುಗಲು ಎರಡಾಳುದ್ದ ಇರುವಾಗ ಅವನು ನಾಯಕನ ಮುಂದೆ ನಿಂತು, ಅಡಿಗಲ್ಲಿನ ಮೇಲೆ ಬಲಗೈ ಇಟ್ಟ. ಸುತ್ತ ನಿಂತವರಲ್ಲಿ ಸಿಂಗೋಜನೂ ಇದ್ದ.

“ಊರಾಗ ಏನೈತಿ?” ಎಂದು ನಾಯಕ ಕೇಳಿದ.

“ಉಕ್ಕು ಐತಿ ಒಡೆಯಾ. ಏಳು ಗುಡಾಣ.”

“ಕಣ್ಣಾರೆ ಕಂಡಿಯಾ?”

“ಕಂಡೆ. ನನ್ನ ಮುಂದನ ಉಕ್ಕಿ…” ಎಂದವನು ಮಾತು ತಿದ್ದಿಕೊಂಡ. “ನನ್ನ ಮುಂದನ ಉಕ್ಕು ಬಂತು.”

“ಎಲ್ಲಿಂದ ಬಂತು?”

“ಎಲ್ಲಿಂದಲೂ ಅಲ್ಲ. ಅಲ್ಲೇ ಒಂದು ಬಂಡಿಗಲ್ಲಿನ ಕೆಳಗ ಮಾಡ್ತಾರ. ನಮ್ಮ ಕುಲುಮ್ಯಾಗ ಅಂಥಾದ್ದು ಆಗಂಗಿಲ್ಲ. ಮುದುಕರ ಕೈಗೂ ಹಂಚಾಕತ್ತಾರ.”

ನಾಯಕ ಅವನ ಕೈಯನ್ನೇ ನೋಡಿದ. ಅಡಿಗಲ್ಲಿನ ಮೇಲೆ ಅದು ಅಲುಗಲಿಲ್ಲ. ಆಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅಲುಗುವುದು ಏಕೆ? ಮರುದಿನ ಬೆಳಕು ಹರಿಯುವಾಗ ದಂಡು ಬಡಗಣಕ್ಕೆ ತಿರುಗಿತು. ಪೇಟೆಯವರು ಮಧ್ಯಾಹ್ನದವರೆಗೂ ಬಾಗಿಲು ತೆರೆದಿಟ್ಟು ಕಾದರು. ಯಾರೂ ಬರದಿದ್ದಾಗ ಊರ ದೇವತೆಯ ಕೃಪೆಯೆಂದು ಹಣ್ಣುಕಾಯಿ ಮಾಡಿಸಿ, ಏಳು ಗುಡಾಣವನ್ನೂ ತಾವೇ ಖಾಲಿ ಮಾಡಿದರು. ಅತ್ತ ಸಿಂಗೋಜ, ತನ್ನ ಏಣಿಯ ಗೌರವವನ್ನು ಅಣ್ಣನೇ ತಪ್ಪಿಸಿದನೆಂದು ದಾರಿಯುದ್ದಕ್ಕೂ ಅವನೊಡನೆ ಮಾತು ಬಿಟ್ಟ. ಊರು ಸೇರಿದ ಮೇಲೂ ಬಿಟ್ಟ. ಮಾಚೋಜ ಬಾಯಿಬಿಡಲಿಲ್ಲ. ತಮ್ಮ ಕೋಪದಲ್ಲಿ ಉಣ್ಣದೆ ಎದ್ದುಹೋದಾಗಲೂ, ಉಣ್ಣದಿರಲು ಅವನು ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದನಂತೆ.

ಹಾಗೆ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಪೇಟೆ ಬೇರೊಬ್ಬ ದೊಡ್ಡ ಒಡೆಯನ ಆಸರೆಗೆ ಸೇರಿ, ನಾಯಕನ ಕೈಗೆ ಎಟುಕದಾಗಿತ್ತು. ನಾಯಕನ ಮನೆಯ ಮದುವೆಯೊಂದಕ್ಕೆ ತೆಂಕಣ ಸೀಮೆಯಿಂದ ಹೆಂಡ ಕಾಯಿಸುವವರನ್ನು ಕರೆಸಿದ್ದರು. ಚಪ್ಪರದಲ್ಲಿ ನಾಯಕ ಕೂತಿರುವಾಗ ಅವರಲ್ಲೊಬ್ಬ ಗುಡಾಣದ ಮೂತಿ ನೋಡಿ, “ಉಕ್ಕು ಬಂತು, ಬಟ್ಟಲು ತನ್ನಿ” ಎಂದು ಕೂಗಿದ. ನಾಯಕ ಅವನನ್ನು ಹತ್ತಿರ ಕರೆದು ಅದೇ ಮಾತನ್ನು ಮೂರು ಸಲ ಹೇಳಿಸಿದ. ಆಮೇಲೆ ಮಾಚೋಜನಿಗೆ ಕರೆ ಹೋಯಿತು.

“ಅಡಿಗಲ್ಲಿನ ಮ್ಯಾಲ ಕೈಯಿಟ್ಟು ಹೇಳಿದ್ದು ನೆನಪೈತಿ?” ಎಂದ ನಾಯಕ.

“ಐತಿ ಒಡೆಯಾ. ಉಕ್ಕು ಅಂದೆ. ಕಬ್ಬಿಣದ್ದು ಅನ್ನಲಿಲ್ಲ.”

“ಸುಳ್ಳಾಡಿಲ್ಲ. ಅದಕ್ಕ ನಿನ್ನ ಮನಿ, ನಿನ್ನ ಕುಲುಮಿ ಮುಟ್ಟಂಗಿಲ್ಲ,” ಎಂದ ನಾಯಕ. “ತಲಿ ಮಾತ್ರ ನಂದು.”

ಆ ಸಂಜೆ ತಮ್ಮನನ್ನು ನೋಡಲು ಬಿಟ್ಟರು. ವರ್ಷದಿಂದ ಮುಖ ತಿರುಗಿಸಿದ್ದ ಸಿಂಗೋಜನಿಗೆ ಮಾಚೋಜ ಜಗಲಿ, ಚಾಪೆ, ಮುದುಕ, ಸೌಟು, ಯಾವುದನ್ನೂ ಬಿಡದೆ ಹೇಳಿದ. ಕೊನೆಗೆ, “ಆ ಊರಾಗ ನಿನ್ನ ಹೆಸರಿಂದು ಒಂದು ಬಟ್ಟಲು ತಗದಿಟ್ಟಾರ. ಹೋಗಿ ಕುಡದು ಬಾ,” ಎಂದ. ಸಿಂಗೋಜ ಅಣ್ಣನ ಕಾಲು ಹಿಡಿದುಕೊಂಡು ಅತ್ತ. ಹುಟ್ಟಿದಂದಿನಿಂದ ಒಂದು ಗಳಿಗೆ ನೆಟ್ಟಗೆ ನಿಲ್ಲದ ಆ ಕಾಲು ಅಂದು ಅವನ ಕೈಯಲ್ಲಿ ಸುಮ್ಮನಿತ್ತಂತೆ.

ರಾಗಿ ಕೊಯ್ಲಿನ ಹೊತ್ತಿಗೆ ಸಿಂಗೋಜ ಸೂರಗೊಂಡನಪೇಟೆಗೆ ಬಂದ. ತೆರೆದ ಬಾಗಿಲಿನಿಂದಲೇ ಬಂದ. ಕರೇಕಲ್ಲಿನ ಬುಡದ ಜಗಲಿಯ ಮೇಲೆ ಕೂತು, “ಮೊದಲ ಬಂದವಗ ಒಂದು ಬಟ್ಟಲು ಕೊಡ್ತೀರಂತಲ್ಲ ಅವ್ವಾ. ನಾನೇ ಅವ,” ಎಂದ. ದೇವೀರಕ್ಕ ಅವನ ಮುಖವನ್ನೂ, ಅವನ ಮಾತಿನ ಧಾಟಿಯನ್ನೂ ಹಿಡಿದು, ಉಪ್ಪಿನವನು ಎಲ್ಲಿ ಎಂದು ಕೇಳಿದಳು. ಅಣ್ಣನ ತಲೆ ಹೋದ ಕತೆಯನ್ನೆಲ್ಲ ಅವನು ಹೇಳಿದ. ತಾವು ಉಳಿದದ್ದು ಯಾರಿಂದ ಎಂಬುದು ಆ ಊರಿಗೆ ತಿಳಿದದ್ದು ಆಗ. ದೇವೀರಕ್ಕ ಮೂರು ಬಟ್ಟಲು ತಂದಿಟ್ಟಳು, ಸಿಂಗೋಜ ಒಂದೊಂದನ್ನೂ ನಿಧಾನವಾಗಿ ಕುಡಿದ.

ನಮ್ಮಿಂದ ಏನಾಗಬೇಕು ಎಂದು ಊರ ಗೌಡ ಕೇಳಿದಾಗ ಅವನು ಕೇಳಿದ್ದು ಒಂದೇ. “ನಮ್ಮಣ್ಣ ಸುಳ್ಳ ಹೇಳಿಲ್ಲ. ಅದೊಂದು ಉಳಸ್ರಿ.” ಊರು ಸೇರಿ ಯೋಚಿಸಿತು. ಅಂದಿನಿಂದ ಕರೇಕಲ್ಲು ಉಕ್ಕಿನಬಂಡೆಯಾಯಿತು. ಹೊರಗಿನವರು ಯಾರು ಬಂದು ಕೇಳಿದರೂ ಉಕ್ಕು ಎನ್ನಬೇಕು, ಯಾವ ಉಕ್ಕೆಂದು ಬಿಡಿಸಿ ಹೇಳಬಾರದು, ಕೇಳಿದವರು ಕತ್ತಿಯ ಉಕ್ಕೆಂದುಕೊಂಡು ಹೋದರೆ ಹೋಗಲಿ ಎಂದು ಕಟ್ಟು ಮಾಡಿದರು. ಹಾಗೆ ಅಂದುಕೊಂಡು ಹೋಗುವ ಒಬ್ಬೊಬ್ಬನೂ ಮಾಚೋಜನ ಮಾತನ್ನು ಇನ್ನೊಂದು ಸಲ ನಿಜ ಮಾಡುತ್ತಾನೆ ಎಂಬುದು ಅವರ ಎಣಿಕೆ. ಇಲ್ಲಿ ಬರೆದು ಹೊರಗೆ ಹಾಕಿದ್ದು ಆ ಕಟ್ಟಿಗೆ ಅಪಚಾರವಲ್ಲವೇ ಎಂದರೆ, ಹೌದು, ಅಪಚಾರವೇ. ದಂಡೆತ್ತಿ ಬರುವವರು ಈಗ ಯಾರೂ ಇಲ್ಲವೆಂಬ ಧೈರ್ಯವೊಂದಿದೆ.

ಬಿಯರ್ ಕಾರ್ಖಾನೆಯ ಹಿಂಬದಿಗೆ ಹೋದರೆ, ಗವಿಯ ಬಾಯಿಯ ಪಕ್ಕದಲ್ಲಿ ಎದೆಯೆತ್ತರದ ಒಂದು ವೀರಗಲ್ಲು ಈಗಲೂ ನಿಂತಿದೆ. ಗ್ಲಾಸು ಕೈಯಲ್ಲಿ ಹಿಡಿದೇ ಬರುವವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ವೀರಗಲ್ಲೆಂದ ಮೇಲೆ ವೀರನ ಕೈಯಲ್ಲಿ ಕತ್ತಿಯಿರಬೇಕು. ಈ ಕಲ್ಲಿನಲ್ಲಿ ಇಲ್ಲ. ಕೆಳಗಿನ ಸಾಲಿನಲ್ಲಿ ಬರಿಗೈಯವನೊಬ್ಬ ಒಂದು ಮೊಣಕಾಲು ಎತ್ತಿ, ಇನ್ನೇನು ಎದ್ದು ಓಡುವಂತಿದ್ದಾನೆ. ಮೇಲಿನ ಸಾಲಿನಲ್ಲಿ, ಬೇರೆ ಕಲ್ಲುಗಳಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಒಯ್ಯುವ ಕಡೆ, ಇಲ್ಲಿ ಇಬ್ಬರು ಗಂಡಸರು ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ, ಇಬ್ಬರ ಕೈಯಲ್ಲೂ ಬಟ್ಟಲಿದೆ. ಹೀಗೇ ಕಡೆಯಬೇಕೆಂದು ಕಲ್ಲುಕುಟಿಗನಿಗೆ ಹೇಳಿದವಳು ದೇವೀರಕ್ಕ ಎನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಅಣ್ಣ ಯಾರೆಂದು ಗೊತ್ತಾಗುತ್ತದೆ. ಅವನು ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾನೆ.